ಓರೆಯಾಗಿ ಹೆಪ್ಪುಗಟ್ಟಿದ ಲೋಹ

“ಸಬೀಹಾ, ಈ ಫೋಟೋ ತೆಗೆದದ್ದು ಎಷ್ಟು ಗಂಟೆಗೆ?”

“ಬಿಸು ಹಬ್ಬದ ದಿನ ಬೆಳಿಗ್ಗೆ ಏಳು ಹತ್ತಕ್ಕೆ. ಮೇಲೆ ಬರೆದುಂಟಲ್ಲ ಅಮ್ಮಣ್ಣಿಯಕ್ಕ.”

ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಎರಡು ಬೆರಳಿನಿಂದ ಹಿಗ್ಗಿಸಿ ಮೂರನೇ ಸಲ ನೋಡಿದೆ. ಬಿ.ಸಿ.ರೋಡಿನ ಮಾಸ್ಟ್ರ ರೇಡಿಯೋ ರಿಪೇರಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಹೊರಗೆ ಕಂಡಕ್ಟರುಗಳು ಪುತ್ತೂರು, ಧರ್ಮಸ್ಥಳ, ಮೂಡುಬಿದಿರೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಮೂಡುಬಿದಿರೆಯ ಹೋಟೆಲ್ ಮಾಲಿಕ ಶಂಭು ಮಾರ್ಲನ ರಕ್ತದಲ್ಲಿ ಆರ್ಸೆನಿಕ್ ಸಿಕ್ಕಿ ಮೂರು ದಿನವಾಗಿತ್ತು. ಆರ್ಸೆನಿಕ್ಕಿನ ಶೀಸೆಯೊಂದು ಕಾಣೆಯಾದದ್ದು ಅಬ್ದುಲ್ ಮಜೀದ್ ಮಾಸ್ಟ್ರ ಪೆಟ್ಟಿಗೆಯಿಂದ. ಇವತ್ತು ಸಂಜೆ ನಾಲ್ಕಕ್ಕೆ ಎಸ್‌ಐ ಕಾಂತಿ ಮಾಸ್ಟ್ರನ್ನು ಬಂಧಿಸಲು ಬರುವವರಿದ್ದರು. ಎಂಬತ್ತೊಂದು ವರ್ಷದ, ನನಗೆ ಅಕ್ಷರ ಕಲಿಸಿದಷ್ಟೇ ಪ್ರೀತಿಯಿಂದ ಬೆಸುಗೆ ಹಾಕಲು ಕಲಿಸಿದ ನನ್ನ ಮಾಸ್ಟ್ರನ್ನು.

“ಎಂತ ಕಾಣ್ತದೆ ಅದರಲ್ಲಿ?” ಮಾಸ್ಟ್ರ ಮಗಳು ಸಬೀಹಾ ನನ್ನ ಭುಜದ ಮೇಲಿಂದ ಬಗ್ಗಿದಳು. “ನಾನು ನೂರು ಸಲ ನೋಡಿದೆ. ಪೆಟ್ಟಿಗೆಯ ಒಂದು ಗುಳಿ ಖಾಲಿ ಉಂಟು, ಅಷ್ಟೇ.”

“ಖಾಲಿ ಗುಳಿ ಪೊಲೀಸರಿಗೂ ಕಾಣ್ತದೆ. ನೀನು ಅದರ ಪಕ್ಕದ ಶೀಸೆ ನೋಡು.”

ನನ್ನ ಫೋನಿನಲ್ಲಿ ಇನ್ನೊಂದು ಫೋಟೋ ಇತ್ತು. ಅದು ಎಸ್‌ಐ ಕಾಂತಿ ಕಳಿಸಿದ್ದು, ಬಿಸು ಕಳೆದು ಎರಡು ದಿನಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ ತೆಗೆದದ್ದು. ಎರಡೂ ಫೋನನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅದೇ ಪೆಟ್ಟಿಗೆ, ಅದೇ ಶೀಸೆಗಳು. ಪೊಲೀಸರ ಫೋಟೋದಲ್ಲಿ ಪ್ಲಾಸ್ಟಿಕ್ ಶೀಸೆಯ ಒಳಗಿನ ಬೆಳ್ಳಿಬಣ್ಣದ ಲೋಹ ಲೋಟದ ನೀರಿನ ಹಾಗೆ ಮಟ್ಟಸವಾಗಿತ್ತು. ಸಬೀಹಾಳ ಫೋಟೋದಲ್ಲಿ ಅದೇ ಲೋಹ ಓರೆಯಾಗಿ ನಿಂತಿತ್ತು. ಪೆಟ್ಟಿಗೆ ಮೇಜಿನ ಮೇಲೆ ನೆಟ್ಟಗೆ ಇದೆ, ಶೀಸೆಯೂ ನೆಟ್ಟಗೆ ಇದೆ, ಒಳಗಿನ ಲೋಹ ಮಾತ್ರ ಒಂದು ಬದಿಗೆ ಏರಿ ಇನ್ನೊಂದು ಬದಿಗೆ ಇಳಿದಿದೆ.

“ಪಾದರಸ ಅಲ್ವಾ ಅದು?” ಎಂದಳು.

ಊರಿಡೀ ಅದನ್ನು ಪಾದರಸ ಎಂದೇ ತಿಳಿದಿರುವುದು. ಮಾಸ್ಟ್ರ ಸ್ವಂತ ಮಗಳೂ ಹಾಗೆ ಹೇಳಿದಾಗ ನನಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂತು.

“ಪಾದರಸ ಅಲ್ಲ ಮಾರಾಯ್ತಿ, ಗ್ಯಾಲಿಯಂ. ಮಾಸ್ಟ್ರು, ನಿನ್ನ ಉಪ್ಪ, ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಇದನ್ನು ಕಲಿಸಿದ್ರು. ಮನೆಯವರಿಗೆ ಕಲಿಸ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ ಅಂತ ಕಾಣ್ತದೆ.”

ನಾನು ಬೆಳ್ತಂಗಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಕೆಟ್ಟ ಲೈನು ಹುಡುಕಿದವಳು. ನಿವೃತ್ತಿಯಾದ ಮೇಲೆ ಲಾಯಿಲದ ಮನೆಯಲ್ಲಿ ಕೂತು ಬೇಜಾರು ಹಿಡಿದು, ಕೆಟ್ಟ ಮನುಷ್ಯರನ್ನು ಹುಡುಕತೊಡಗಿದೆ. ಕೆಲಸ ಹೆಚ್ಚು ಕಡಿಮೆ ಒಂದೇ. ಎರಡಕ್ಕೂ ಬೇಕಾದ ತಾಳ್ಮೆಯನ್ನು ನನಗೆ ಕೊಟ್ಟದ್ದು ಈ ಮಾಸ್ಟ್ರು ಮತ್ತು ಈ ಪೆಟ್ಟಿಗೆ.

ಮಾಸ್ಟ್ರು ಅದನ್ನು ‘ದಿನಸಿ ಪೆಟ್ಟಿಗೆ’ ಎನ್ನುತ್ತಿದ್ದರು. ಡಯೋಡು, ಟ್ರಾನ್ಸಿಸ್ಟರು ಎಲ್ಲ ಅಡುಗೆ. ಆ ಅಡುಗೆಗೆ ಬೇಕಾದ ಸಾಮಾನು ಇದರಲ್ಲುಂಟು ಎಂದು. ಸಾಗುವಾನಿಯ ಪೆಟ್ಟಿಗೆ, ಒಳಗೆ ಹತ್ತಿ ಹಾಸಿದ ಹತ್ತು ಗುಳಿ. ಮೊದಲನೆಯದರಲ್ಲಿ ಪಾಣೆಮಂಗಳೂರಿನ ಹೊಳೆಬದಿಯಿಂದ ತಂದ ನೇತ್ರಾವತಿಯ ಮರಳು. ಎರಡನೆಯದರಲ್ಲಿ ಸಿಲಿಕಾನ್, ನೀಲಿ ಹೊಳಪಿನ ಬೂದುಬಣ್ಣದ ಚೂರು. “ಇದು ಅದರ ಹೊಟ್ಟೆಯಲ್ಲಿ ಇದ್ದದ್ದು ಮಕ್ಕಳೇ” ಎಂದು ಮರಳನ್ನೂ ಚೂರನ್ನೂ ಒಟ್ಟಿಗೆ ಎತ್ತಿ ತೋರಿಸುವರು. ನಾವು ದಿನಾ ತುಳಿದು ಶಾಲೆಗೆ ಬರುತ್ತಿದ್ದ ಮರಳಿನಲ್ಲಿ ರೇಡಿಯೋ ಅಡಗಿದೆ ಎಂದು ತಿಳಿದ ದಿನ ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋಗಿದ್ದೆ.

ಆಮೇಲೆ ಜರ್ಮೇನಿಯಂ. ಮೊದಮೊದಲ ಟ್ರಾನ್ಸಿಸ್ಟರುಗಳೆಲ್ಲ ಅದರದ್ದೇ. ಸೆಖೆಗೆ ಹೆದರುವ ಜಾತಿ. ಏಪ್ರಿಲ್ ಬಂತೆಂದರೆ ನಮ್ಮ ಕಡೆಯ ಹಳೆಯ ರೇಡಿಯೋಗಳ ಸ್ವರ ಮಧ್ಯಾಹ್ನಕ್ಕೆ ಒಡೆಯುತ್ತಿದ್ದದ್ದು ಇದರಿಂದ. ಬೆಸುಗೆ ಹಾಕುವಾಗ ಅದರ ಕಾಲನ್ನು ಇಕ್ಕುಳದಲ್ಲಿ ಹಿಡಿಯದಿದ್ದರೆ ಬಿಸಿ ಒಳಗೆ ಹೋಗಿ ಟ್ರಾನ್ಸಿಸ್ಟರು ಸತ್ತೇ ಹೋಗುತ್ತಿತ್ತು. ಅದರ ಪಕ್ಕ ಇಂಡಿಯಂ, ಬೆಣ್ಣೆಯಂತೆ ಮೆದು. ಶಂಭು ನಿಜವಾ ಸುಳ್ಳಾ ಎಂದು ಅದನ್ನು ಕಚ್ಚಿ ನೋಡಿದ್ದ. ಅವನ ಹಲ್ಲಿನ ಗುರುತು ಈಗಲೂ ಅದರ ಮೇಲುಂಟು.

ಹೌದು, ಶಂಭು ನನ್ನ ಕ್ಲಾಸಿನವನೇ. ಎಪ್ಪತ್ತೊಂಬತ್ತನೇ ಇಸವಿಯ ಹತ್ತನೇ ಕ್ಲಾಸು.

“ಬರೀ ಸಿಲಿಕಾನ್ ಅಂದ್ರೆ ಉಪ್ಪಿಲ್ಲದ ಗಂಜಿ” ಎನ್ನುತ್ತಿದ್ದರು ಮಾಸ್ಟ್ರು. “ಕರೆಂಟಿಗೆ ರುಚಿಸುವುದಿಲ್ಲ. ಒಂದು ಚಿಟಿಕೆ ಬೋರಾನ್ ಹಾಕಿ, ಒಂದು ರುಚಿ. ಆರ್ಸೆನಿಕ್ ಹಾಕಿ, ಬೇರೆ ರುಚಿ. ಚಿಟಿಕೆ ಅಂದ್ರೆ ನಿಮ್ಮ ಅಮ್ಮ ಹಾಕುವ ಚಿಟಿಕೆ ಅಲ್ಲ. ಒಂದು ಕೋಟಿ ಅಕ್ಕಿಕಾಳಿಗೆ ಒಂದು ಉಪ್ಪಿನ ಕಲ್ಲು.” ಆರ್ಸೆನಿಕ್ಕಿನ ಶೀಸೆಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಹಳಬರು ಪಾಷಾಣ ಎನ್ನುವುದು ಇದರ ಬಿಳಿ ಹುಡಿಯನ್ನು ಎಂದು ದೂರದಿಂದ ತೋರಿಸಿ ಮುಚ್ಚಿಡುವರು. ಆ ಮನುಷ್ಯ ಅದನ್ನು ಒಬ್ಬ ಶಿಷ್ಯನ ಊಟಕ್ಕೆ ಬೆರೆಸಿದರು ಎಂದರೆ ನಾನು ನಂಬುವುದಾ?

ಪೊಲೀಸರು ನಂಬಲು ಕಾರಣವಿತ್ತು. ಮಾಸ್ಟ್ರ ರೇಡಿಯೋ ಕೋಣೆ ಇರುವ ಕಟ್ಟಡ ಈಗ ಶಂಭುವಿನದು. ಅದನ್ನು ಕೆಡವಿ ಲಾಡ್ಜ್ ಕಟ್ಟುವುದೆಂದು ತೀರ್ಮಾನವಾಗಿತ್ತು. ಬಿಸುವಿನ ಹಿಂದಿನ ಸಂಜೆ ಶಂಭುವಿನ ಅಕ್ಕನ ಮಗ ಅಶ್ವಿತ್ ಕೋಣೆ ಬಿಡಬೇಕೆಂದು ನೋಟೀಸು ತಂದಿದ್ದ. ಐವತ್ತು ವರ್ಷ ಕೂತ ಜಾಗ. ಮಾಸ್ಟ್ರು ಅಂದು ನಾಲ್ಕು ಜನರ ಮುಂದೆ ದೊಡ್ಡ ಸ್ವರದಲ್ಲಿ ಮಾತಾಡಿದ್ದರು. ಮರುದಿನವೇ ಶಂಭು ವಾಂತಿ ಮಾಡುತ್ತಾ ಆಸ್ಪತ್ರೆ ಸೇರಿದ.

“ಅಕ್ಕಾ, ಒಂದು ಓರೆ ಶೀಸೆಯಿಂದ ಉಪ್ಪನಿಗೆ ಎಂತ ಆಗ್ಲಿಕ್ಕುಂಟು?” ಸಬೀಹಾ ಗಡಿಯಾರ ನೋಡಿದಳು. “ಇನ್ನು ಎರಡೂವರೆ ಗಂಟೆ ಇರುವುದು.”

ಮೇಜಿನ ಡ್ರಾವರು ಎಳೆದೆ. ಅಲ್ಲಿ ಎರಡನೇ ಗ್ಯಾಲಿಯಂ ಶೀಸೆ ಇತ್ತು, ಮಕ್ಕಳು ಮುಟ್ಟಿ ನೋಡುವುದಕ್ಕೆಂದು ಬೇರೆಯೇ ಇಟ್ಟದ್ದು. ಅದೂ ಪ್ಲಾಸ್ಟಿಕ್ಕೇ. ಗಟ್ಟಿಯಾಗುವಾಗ ಈ ಲೋಹ ಹಿಗ್ಗುತ್ತದೆ, ಗಾಜು ಒಡೆದೀತು ಎಂದು ಮಾಸ್ಟ್ರು ಗಾಜಿಗೆ ಹಾಕುತ್ತಿರಲಿಲ್ಲ. ಶೀಸೆಯನ್ನು ಬಗ್ಗಿಸಿದೆ. ಲೋಹ ಜಾರಿ ಮಟ್ಟಸವಾಯಿತು. ಇನ್ನೊಂದು ಬದಿಗೆ ಬಗ್ಗಿಸಿದೆ. ಮತ್ತೆ ಮಟ್ಟಸವಾಯಿತು.

“ನೋಡು. ಮೂವತ್ತು ಡಿಗ್ರಿ ದಾಟಿದ್ರೆ ಇದು ನೀರು. ನಮ್ಮ ಕಡೆ ಮಾರ್ಚಿನಲ್ಲಿ ಕರಗಿದ್ರೆ ಮಳೆ ಬರುವವರೆಗೂ ಹೀಗೇ. ರಾತ್ರಿ ಸ್ವಲ್ಪ ತಂಪಾಯ್ತು ಅಂತ ಗಟ್ಟಿ ಆಗುವುದಿಲ್ಲ, ಭಾರೀ ಹಟದ್ದು. ಒಳ್ಳೆ ಚಳಿ ಕೊಡಬೇಕು.”

“ಹಾಗಾದ್ರೆ ಫೋಟೋದಲ್ಲಿ...”

“ಫೋಟೋದಲ್ಲಿ ಗಟ್ಟಿ ಉಂಟು. ಅದೂ ಓರೆಯಾಗಿ. ಅಂದ್ರೆ ಆ ರಾತ್ರಿ ಈ ಪೆಟ್ಟಿಗೆ ಇಲ್ಲಿರ್ಲಿಲ್ಲ. ಎಲ್ಲೋ ಎಸಿ ಕೋಣೆಯಲ್ಲಿ, ಗೋಡೆಗೆ ಒರಗಿಸಿಯೋ ಎಂತದೋ, ಬಗ್ಗಿಕೊಂಡು ಕೂತಿತ್ತು. ಬೆಳಿಗ್ಗೆ ಯಾರೋ ತಂದು ಇಲ್ಲಿ ಇಟ್ರು. ನೀನು ಏಳಕ್ಕೆ ಫೋಟೋ ಹೊಡೆದೆ. ಹತ್ತು ಗಂಟೆಯ ಸೆಖೆಗೆ ಎಲ್ಲ ಕರಗಿ ಸಾಕ್ಷಿ ಮಾಯ.”

ಸಬೀಹಾ ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಯಲ್ಲಿ ಕೂತಳು. “ಯಾ ಅಲ್ಲಾ. ಉಪ್ಪ ಫರಂಗಿಪೇಟೆ ಮನೆಯಲ್ಲಿ ಮಲಗಿದ್ರಲ್ಲ. ನಮ್ಮಲ್ಲಿ ಎಸಿಯೇ ಇಲ್ಲ.”

“ನೀನು ನೋಡಿದ್ದೀಯಾ ಅವರು ಮಲಗಿದ್ದನ್ನು?”

“ನಾನು ಆ ರಾತ್ರಿ ಗಂಡನ ಮನೆಯಲ್ಲಿದ್ದೆ. ಬೆಳಿಗ್ಗೆ ಸೀದಾ ತಿಂಡಿ ಹಿಡ್ಕೊಂಡು ಇಲ್ಲಿಗೆ ಬಂದದ್ದು. ಆದ್ರೆ ಉಪ್ಪ ಪೊಲೀಸಿಗೆ ಹೇಳಿದ್ದಾರಲ್ಲ.”

ಅಷ್ಟು ಸಾಕಿತ್ತು ನನಗೆ. ಮಾಸ್ಟ್ರು ಹೇಳಿದ್ದರು ಎಂದರೆ ಮುಗಿಯಿತು.

ಫೋಟೋ ಇದ್ದದ್ದೇ ನಮ್ಮ ಪುಣ್ಯ. ಬಿಸು ಎಂದರೆ ನಮ್ಮ ತುಳುವರ ಹೊಸ ವರ್ಷ. ಅಂದು ಎದ್ದ ಕೂಡಲೇ ನೋಡಲೆಂದು ನಮ್ಮ ಮನೆಗಳಲ್ಲಿ ತರಕಾರಿ, ಹಣ್ಣು ಜೋಡಿಸಿ ಕಣಿ ಇಡುತ್ತೇವೆ. ಹಳೆಯ ಶಿಷ್ಯರು ಅಂದು ಹಬ್ಬದ ಊಟಕ್ಕೆ ಮೊದಲು ಮಾಸ್ಟ್ರನ್ನು ಕಂಡು ಹೋಗುವುದು ರೂಢಿ. ಒಂದು ವರ್ಷ ಯಾರೋ ತಮಾಷೆಗೆ “ನಿಮ್ಮ ಕಣಿ ಎಲ್ಲಿ ಮಾಸ್ಟ್ರೇ?” ಎಂದು ಕೇಳಿದ್ದಕ್ಕೆ ಅವರು ದಿನಸಿ ಪೆಟ್ಟಿಗೆ ತೆರೆದು ಇಟ್ಟರು. ಅಂದಿನಿಂದ ಪ್ರತಿ ಬಿಸುವಿಗೂ ಬೆಳಿಗ್ಗೆ ಪೆಟ್ಟಿಗೆ ತೆರೆದಿರುತ್ತದೆ, ಸಬೀಹಾ ಫೋಟೋ ಹೊಡೆದು ಶಿಷ್ಯರ ಗುಂಪಿಗೆ ಹಾಕುತ್ತಾಳೆ. ಖಾಲಿ ಗುಳಿಯನ್ನು ಅವಳು ಅಂದೇ ತೋರಿಸಿದ್ದಳು. ಮಾಸ್ಟ್ರು “ಎಲ್ಲೋ ಬಿದ್ದಿರ್ತದೆ ಬಿಡು” ಎಂದಿದ್ದರಂತೆ. ನಾನು ಈ ಸಲ ತಡವಾಗಿ ಬಂದೆ, ಹನ್ನೊಂದು ಗಂಟೆಗೆ. ಬಸ್ಸಿಗೆ ಬೈದುಕೊಂಡು ಬಂದಿದ್ದೆ. ಬೇಗ ಬಂದಿದ್ದರೆ ಕಣ್ಣಾರೆ ನೋಡುತ್ತಿದ್ದೆ.

ಈಗ ಪ್ರಶ್ನೆ ಒಂದೇ: ಎಸಿ ಯಾರದ್ದು?

ಮೊದಲು ಪಕ್ಕದ ಮೊಬೈಲ್ ಅಂಗಡಿ ಹೊಕ್ಕೆ. ಅಂಗಡಿಯ ಫಾಝಿಲ್‌ನ ಹತ್ತಿರ ಮಾಸ್ಟ್ರ ಕೋಣೆಯ ಇನ್ನೊಂದು ಬೀಗದಕೈ ಇರುತ್ತದೆ. ಗೋಡೆಯ ಮೇಲೆ ದೊಡ್ಡ ಎಸಿಯೂ ಇತ್ತು.

“ಫಾಝಿಲ್, ಬಿಸುವಿನ ಹಿಂದಿನ ರಾತ್ರಿ ನಿನ್ನ ಎಸಿ ಹಾಕಿತ್ತಾ?”

ಅವನು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದ. “ಅಕ್ಕಾ, ನೀವು ಹೊಟ್ಟೆ ಉರಿಸ್ಲಿಕ್ಕೆ ಬಂದದ್ದಾ? ಅದು ಕೆಟ್ಟು ಹದಿನೈದು ದಿನ ಆಯ್ತು. ರಿಪೇರಿಯವ ನಾಳೆ ನಾಳೆ ಅಂತ ಹೇಳ್ತಾ ಇದ್ದಾನೆ. ಮಜೀದ್ ಮಾಸ್ಟ್ರು ರೇಡಿಯೋ ಆದ್ರೆ ನೋಡಿಕೊಡ್ತಿದ್ರು, ಎಸಿ ಅವರಿಗೆ ಆಗುವುದಿಲ್ಲ.”

“ಬೀಗದಕೈ?”

“ಅಲ್ಲೇ ಮೊಳೆಯಲ್ಲಿ ಉಂಟು. ಯಾರೂ ಕೇಳ್ಲಿಲ್ಲ.” ಆಮೇಲೆ ಸ್ವರ ತಗ್ಗಿಸಿ, “ಅಕ್ಕಾ, ಅವರನ್ನು ಕರ್ಕೊಂಡು ಹೋಗ್ತಾರಾ? ನನಗೆ ಈ ಕೆಲಸ ಕಲಿಸಿದ್ದು ಅವರೇ.”

ಕೊಳಾಯಿ ಬಿಟ್ಟಂತೆ ಬೆವರುತ್ತಿದ್ದವನ ಮೇಲೆ ಅನುಮಾನ ಪಡಲು ನನಗೆ ಮನಸ್ಸೇ ಬರಲಿಲ್ಲ. ಉಳಿದವನು ಅಶ್ವಿತ್. ಹಿಂದಿನ ಸಂಜೆ ನೋಟೀಸು ಹಿಡಿದು ಈ ಕೋಣೆಗೆ ಬಂದವನು. ಕಟ್ಟಡ ಮಾವನದ್ದೇ, ಬೀಗದಕೈ ಸಿಗುವುದು ಅವನಿಗೆ ಕಷ್ಟವಲ್ಲ. ಮೂಡುಬಿದಿರೆಯಲ್ಲಿ ಹೋಟೆಲು ನೋಡಿಕೊಳ್ಳುವವನು. ಮದುವೆಯಾಗದ ಮಾವನಿಗೆ ಏನಾದರೂ ಆದರೆ ಎಲ್ಲ ಯಾರಿಗೆ ಸೇರುತ್ತದೆಂದು ಕೇಳುವುದೇ ಬೇಡ. ಆ ಹೋಟೆಲಿನ ಮೇಲಿನ ಕೋಣೆಗಳಿಗೆಲ್ಲ ಎಸಿ.

ಮೂಡುಬಿದಿರೆ ಬಸ್ಸು ಹತ್ತಿ ಕಿಟಕಿಯ ಬಳಿ ಕೂತು, ಎರಡೂ ಫೋಟೋಗಳನ್ನು ಎಸ್‌ಐ ಕಾಂತಿಗೆ ಕಳಿಸಿದೆ. ಗ್ಯಾಲಿಯಂ ಎಂದರೇನು, ಎಷ್ಟು ಡಿಗ್ರಿಗೆ ಕರಗುತ್ತದೆ, ಯಾಕೆ ಓರೆ ಎಂದೆಲ್ಲ ಬರೆದೆ. ಕೊನೆಗೆ, “ಪೆಟ್ಟಿಗೆಯನ್ನು ಆ ರಾತ್ರಿ ಎಸಿ ಕೋಣೆಗೆ ಒಯ್ದವರೇ ಆರ್ಸೆನಿಕ್ ತೆಗೆದವರು. ನಾನು ಶಂಭುವಿನ ಹೋಟೆಲಿಗೆ ಹೋಗ್ತಾ ಇದ್ದೇನೆ” ಎಂದೂ ಸೇರಿಸಿದೆ. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರೆದು ಎದ್ದಷ್ಟು ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಮಾಸ್ಟ್ರು ಇದನ್ನು ಕೇಳಿದರೆ ಬೆನ್ನು ತಟ್ಟುತ್ತಾರೆ ಎಂದೂ ಅನ್ನಿಸಿತು.

ಸಿದ್ಧಕಟ್ಟೆ ಬರುವಷ್ಟರಲ್ಲಿ ಬಸ್ಸಿನ ಹಾಡು ನಿಂತು ಹೋಯಿತು. ಡ್ರೈವರು ಹಾಡಿನ ಪೆಟ್ಟಿಗೆಗೆ ಎರಡು ಬಡಿದ, ಮತ್ತೆ ಹಾಡಿತು. ಬಡಿದು ಸರಿಮಾಡುವ ವಿದ್ಯೆ ಮಾತ್ರ ಇನ್ನೂ ಹೋಗಿಲ್ಲ ಎಂದು ನಗು ಬಂತು.

ಆ ಮಳೆಗಾಲದ ಕ್ಲಾಸು ನೆನಪಾಯಿತು. ಜುಲೈಯ ಚಳಿಗೆ ಗ್ಯಾಲಿಯಂ ಕಲ್ಲಿನಂತಿತ್ತು. ಮಾಸ್ಟ್ರು ಒಂದು ತುಂಡನ್ನು ಶಂಭುವಿನ ಅಂಗೈಗೆ ಹಾಕಿ “ಮುಷ್ಟಿ ಕಟ್ಟು” ಎಂದರು. ಸ್ವಲ್ಪ ಹೊತ್ತಿಗೆ ಅವನ ಬೆರಳ ಸಂದಿಯಿಂದ ಬೆಳ್ಳಿ ಇಳಿಯಿತು. ಮಾಸ್ಟ್ರ ಬೆಲೆಬಾಳುವ ಲೋಹ ಹಾಳುಮಾಡಿದೆ ಎಂದು ಆ ದಾಂಡಿಗ ಹುಡುಗ ಗಳಗಳ ಅತ್ತುಬಿಟ್ಟ. ಮಾಸ್ಟ್ರು ಕ್ಲಾಸಿನ ಮುಂದೆಯೇ ಅವನನ್ನು ಅಪ್ಪಿಕೊಂಡು, “ಹಾಳಾಗ್ಲಿಲ್ಲ ಮಗಾ, ನಿನ್ನ ಕೈ ಬಿಸಿ ಉಂಟು, ಅಷ್ಟೇ” ಎಂದರು. ಅವತ್ತು ನಮ್ಮ ಕ್ಲಾಸಿನಲ್ಲಿ ಯಾರೂ ಶಂಭುವನ್ನು ತಮಾಷೆ ಮಾಡಲಿಲ್ಲ. ಈಗ ಅವನು ಮಂಗಳೂರಿನ ಆಸ್ಪತ್ರೆಯಲ್ಲಿ ಬಾಯಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ. ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಹೋಟೆಲು ತಲುಪುವಾಗ ಮೂರು ಗಂಟೆ. ಅಶ್ವಿತ್ ಮೇಲಿನ ಆಫೀಸು ಕೋಣೆಯಲ್ಲಿದ್ದ. ಬಾಗಿಲು ತೆರೆದ ಕೂಡಲೇ ಚಳಿ ಮುಖಕ್ಕೆ ಬಡಿಯಿತು.

“ಬನ್ನಿ ಅಮ್ಮಣ್ಣಿಯಕ್ಕ. ಗೋಳಿಬಜೆ ಹೇಳ್ಲಾ? ಬಿಸಿ ಉಂಟು.”

“ಗೋಳಿಬಜೆ ಆಮೇಲೆ ನೋಡುವ. ಒಂದು ಲೋಟ ಐಸು ಕೊಡು.”

ಐಸು ಬಂತು. ಮಾಸ್ಟ್ರ ಡ್ರಾವರಿನಿಂದ ತಂದಿದ್ದ ಶೀಸೆಯನ್ನು ಚೀಲದಿಂದ ತೆಗೆದು ಲೋಟದಲ್ಲಿ ಬಗ್ಗಿಸಿ ಹೂತು, ಚಮಚದಿಂದ ಎರಡು ಸಲ ಕುಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ಶೀಸೆ ಎತ್ತಿ ಒರೆಸಿ ಅವನ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಒಳಗೆ ಲೋಹ ಓರೆಯಾಗಿ ಹೆಪ್ಪುಗಟ್ಟಿತ್ತು. ಪಕ್ಕದಲ್ಲಿ ಫೋನು ಇಟ್ಟು ಸಬೀಹಾ ತೆಗೆದ ಫೋಟೋ ತೋರಿಸಿದೆ.

“ಇದೆಂತ ಅಂತ ಗೊತ್ತುಂಟಾ?”

“ಪಾದರಸ?”

“ಅಲ್ಲ. ಪಾದರಸ ಅಂತ ತಿಳಿದವ ಮಾಡುವ ತಪ್ಪು ಇದು. ಪಾದರಸ ಆಗಿದ್ರೆ ಎಸಿಯಲ್ಲಿಟ್ಟರೂ ಎಂತದೂ ಆಗುವುದಿಲ್ಲ, ಪೆಟ್ಟಿಗೆ ಎಲ್ಲಿಗೆ ಹೋಗಿ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದು ಗ್ಯಾಲಿಯಂ. ಚಳಿಯನ್ನು ನೆನಪಿಟ್ಟುಕೊಳ್ತದೆ.”

ಅವನು ಶೀಸೆಯನ್ನೇ ನೋಡಿದ.

“ನೀನು ಹಿಂದಿನ ಸಂಜೆ ನೋಟೀಸು ಕೊಡ್ಲಿಕ್ಕೆ ಬಂದಿದ್ದಿ.”

“ಬಂದಿದ್ದೆ.”

“ಮಾಸ್ಟ್ರು ಬೈದ್ರು.”

“ಬೈದ್ರು. ಅವರದ್ದು ತಪ್ಪಿಲ್ಲ. ಅಷ್ಟು ವರ್ಷ ಕೂತ ಜಾಗ ಅಲ್ವಾ?”

“ಅವರು ಮನೆಗೆ ಹೋದ ಮೇಲೆ ಪೆಟ್ಟಿಗೆ ಎತ್ತಿದ್ದಿ. ಇಲ್ಲಿ ತಂದು ಇಟ್ಟಿದ್ದಿ. ಬೇಕಾದ್ದು ತೆಗೆದು, ಬೆಳಿಗ್ಗೆ ಮೊದಲು ವಾಪಸು ಇಟ್ಟಿ. ಮಾವನಿಗೆ ಕೊಟ್ಟು ಮಾಸ್ಟ್ರ ತಲೆಗೆ ಕಟ್ಟುವ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಹೌದಾ ಅಲ್ವಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನು ಹೆಗಲು ಮುಟ್ಟಲಿಲ್ಲ. ಸಿಟ್ಟೂ ಮಾಡಲಿಲ್ಲ. ಬಹಳ ದಣಿದವನಂತೆ ಕುರ್ಚಿಗೆ ಒರಗಿದ. ಕೆನ್ನೆಯಲ್ಲಿ ಐದು ದಿನದ ಗಡ್ಡ ಇತ್ತು. ಅದನ್ನು ನಾನು ಬಂದಾಗಲೇ ಗಮನಿಸಬೇಕಿತ್ತು.

“ಮುಗೀತಾ ಅಕ್ಕ?”

“ಪೊಲೀಸಿಗೆ ಫೋಟೋ ಕಳಿಸಿ ಆಯ್ತು. ಇನ್ನು ನೀನು ಹೇಳ್ಬೇಕು.”

“ಕಳಿಸಿದ್ರಾ?” ಅವನ ಮುಖದ ಬಣ್ಣ ಹೋಯಿತು. “ನನ್ನನ್ನು ಒಂದು ಮಾತು ಕೇಳಿ ಕಳಿಸಬಾರದಿತ್ತಾ ಅಕ್ಕ?”

“ಯಾಕೆ?”

ಅವನು ಎದ್ದು ಬಾಗಿಲಿನ ಚಿಲಕ ಹಾಕಿ ಬಂದ. ನನಗೆ ಒಂದು ಕ್ಷಣ ಹೆದರಿಕೆಯಾಯಿತು, ಕೈ ತನ್ನಿಂತಾನೇ ಐಸಿನ ಲೋಟವನ್ನು ಹಿಡಿಯಿತು. ಆದರೆ ಅವನು ಬಂದು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ, ಅಷ್ಟೇ.

“ಪೆಟ್ಟಿಗೆ ಇಲ್ಲಿಗೆ ಬಂದದ್ದು ಹೌದು. ಮಾವನ ಎಸಿ ಕೋಣೆಯಲ್ಲಿ ಇದ್ದದ್ದೂ ಹೌದು. ನಾನು ತಂದದ್ದಲ್ಲ. ನೋಡಿ.”

ಹೋಟೆಲಿನ ಮೇಲಿನ ವರಾಂಡದ ಕ್ಯಾಮೆರಾ. ಬಿಸುವಿನ ಹಿಂದಿನ ದಿನ, ರಾತ್ರಿ ಎಂಟೂ ಇಪ್ಪತ್ತು. ಮೆಟ್ಟಿಲು ಹತ್ತಿ ಒಬ್ಬರು ಬಂದರು. ಬಿಳಿ ಮುಂಡು, ಬಿಳಿ ಟೊಪ್ಪಿ. ಎದೆಗೆ ಅವಚಿಕೊಂಡ ಸಾಗುವಾನಿ ಪೆಟ್ಟಿಗೆ. ಎಡಗಾಲು ಸ್ವಲ್ಪ ಎಳೆಯುವ ಆ ನಡಿಗೆಯನ್ನು ನಾನು ಸಾವಿರ ಜನರ ನಡುವೆಯೂ ಗುರುತಿಸಬಲ್ಲೆ.

ಮಾಸ್ಟ್ರು.

ಶಂಭು ಬಾಗಿಲು ತೆರೆದ. ಬಗ್ಗಿ ಮಾಸ್ಟ್ರ ಕಾಲು ಮುಟ್ಟಿದ. ಆ ದಪ್ಪ ಮೈಯಲ್ಲಿ ಬಗ್ಗಲು ಅವನು ಪಟ್ಟ ಕಷ್ಟ ಕ್ಯಾಮೆರಾದಲ್ಲೂ ಕಾಣುತ್ತಿತ್ತು. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.

ಅಶ್ವಿತ್ ಮುಂದಕ್ಕೆ ಓಡಿಸಿದ. ಬೆಳಿಗ್ಗೆ ಐದೂ ಐದು. ಮಾಸ್ಟ್ರು ಒಬ್ಬರೇ ಹೊರಗೆ ಬಂದರು, ಕೈಯಲ್ಲಿ ಪೆಟ್ಟಿಗೆ. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು, ಅದರ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ನಿಂತರು. ಆಮೇಲೆ ಕಣ್ಣೊರೆಸಿಕೊಂಡು ಮೆಟ್ಟಿಲು ಇಳಿದರು.

“ಆರು ಗಂಟೆಗೆ ಮಾವನಿಗೆ ವಾಂತಿ ಶುರು ಆದದ್ದು” ಎಂದ ಅಶ್ವಿತ್.

“ಇದನ್ನು ಪೊಲೀಸಿಗೆ ಯಾಕೆ ತೋರಿಸ್ಲಿಲ್ಲ?”

“ಆಂಬುಲೆನ್ಸಿಗೆ ಹಾಕುವಾಗ ಮಾವ ನನ್ನ ಕೈ ಹಿಡ್ಕೊಂಡ್ರು. ಮಾತಾಡ್ಲಿಕ್ಕೆ ಆಗ್ತಿರ್ಲಿಲ್ಲ. ಆದ್ರೂ ಹೇಳಿದ್ರು: ‘ಮಾಸ್ಟ್ರು ಬಂದದ್ದು ಯಾರಿಗೂ ಗೊತ್ತಾಗಬಾರದು. ನಾನು ಸತ್ತರೂ.’ ಆಮೇಲೆ ಮಾತು ನಿಂತದ್ದು. ಇವತ್ತಿನವರೆಗೆ ನಿಂತೇ ಉಂಟು.” ಅವನು ಪರದೆಯ ಕಡೆ ಕೈ ತೋರಿಸಿದ. “ಪೆಟ್ಟಿಗೆ ಅಲ್ಲಾಡ್ಲೇ ಇಲ್ಲ ಅಂತ ಮಾಸ್ಟ್ರೇ ಹೇಳಿದ ಮೇಲೆ ಪೊಲೀಸರು ಇಲ್ಲಿಯ ಕ್ಯಾಮೆರಾ ಕೇಳ್ಲೇ ಇಲ್ಲ. ನಾನೂ ಸುಮ್ಮನಿದ್ದೆ. ಮಾವನ ಮಾತು ಮೀರ್ಲಾ, ಮಾವನಿಗೆ ವಿಷ ಹಾಕಿದವರನ್ನು ಬಿಡ್ಲಾ? ಐದು ದಿನ ಆಯ್ತು ಅಕ್ಕ, ನಾನು ಸರಿಯಾಗಿ ಉಂಡಿಲ್ಲ. ಈಗ ನೀವು ಬಂದು ನನ್ನನ್ನೇ ಕಳ್ಳ ಅಂದ್ರಿ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆಗ ಬಸ್ಸಿನಲ್ಲಿ ನಾನು ಬರೆದ ಕೊನೆಯ ಸಾಲು ತಲೆಗೆ ಬಡಿಯಿತು. ಪೆಟ್ಟಿಗೆಯನ್ನು ಎಸಿ ಕೋಣೆಗೆ ಒಯ್ದವರೇ ಆರ್ಸೆನಿಕ್ ತೆಗೆದವರು.

ಗಡಿಬಿಡಿಯಲ್ಲಿ ಫೋನು ತೆಗೆದೆ. ಅಳಿಸಿಬಿಡುವ ಎಂದು. ಕಾಂತಿ ಅದನ್ನು ಓದಿಯಾಗಿತ್ತು, ಉತ್ತರವೂ ಬಂದಿತ್ತು: “ತುಂಬಾ ಒಳ್ಳೆಯ ಕೆಲಸ ಮೇಡಂ. ಮಾಸ್ಟ್ರ ಮನೆಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಹೋಟೆಲಿಗೇ ಬರ್ತೇನೆ. ಅಲ್ಲಿಯ ಕ್ಯಾಮೆರಾ ನೋಡುವ.”

ಬಂದು ಇಪ್ಪತ್ತೈದು ನಿಮಿಷವಾಗಿತ್ತು ಆ ಉತ್ತರ.

ಪೊಲೀಸರ ಹತ್ತಿರ ಅನುಮಾನ ಮಾತ್ರ ಇತ್ತು. ಸಾಕ್ಷಿ ಕೊಟ್ಟವಳು ನಾನು. ಮಾಸ್ಟ್ರು ಕಲಿಸಿದ ಪಾಠದಿಂದಲೇ ಮಾಸ್ಟ್ರನ್ನು ಕಟ್ಟಿಹಾಕಿದೆ. ನನಗೆ ಅಲ್ಲಿಯೇ ಜೋರಾಗಿ ಅಳಬೇಕು ಅನ್ನಿಸಿತು. ಅದಕ್ಕೂ ಪುರುಸೊತ್ತು ಇರಲಿಲ್ಲ.

ಮಾಸ್ಟ್ರಿಗೆ ಫೋನು ಹಚ್ಚಿದೆ. ಅಶ್ವಿತ್‌ಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರು ಹಾಕಿದೆ. ಮೂರನೇ ಸದ್ದಿಗೆ ಎತ್ತಿದರು.

“ಅಮ್ಮಣ್ಣೀ, ಹೇಳು ಮಗಳೇ. ಊಟ ಆಯ್ತಾ?”

ಅದೇ ಸ್ವರ. ನಲವತ್ತಾರು ವರ್ಷದಲ್ಲಿ ಸ್ವಲ್ಪ ಸವೆದಿತ್ತು, ಅಷ್ಟೇ.

“ಮಾಸ್ಟ್ರೇ, ಒಂದೇ ಪ್ರಶ್ನೆ. ನಿಜ ಹೇಳ್ಬೇಕು. ಎಂತ ಇದ್ರೂ ನಾನು ನಿಮ್ಮ ಜೊತೆ ಇದ್ದೇನೆ.”

“ಕೇಳು.”

“ಬಿಸುವಿನ ಹಿಂದಿನ ರಾತ್ರಿ ನೀವು ಎಲ್ಲಿದ್ರಿ? ಪೆಟ್ಟಿಗೆ ಎಲ್ಲಿತ್ತು?”

ಅವರ ಮನೆಯ ಫ್ಯಾನಿನ ಕಿರುಗುಟ್ಟುವ ಸದ್ದು ಕೇಳಿಸಿತು. ಅಶ್ವಿತ್ ಕ್ಯಾಮೆರಾದ ಚಿತ್ರವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದ. ಪರದೆಯ ಮೇಲೆ ಮಾಸ್ಟ್ರು ಶಂಭುವಿನ ಬಾಗಿಲಿಗೆ ಅಂಗೈ ಇಟ್ಟು ನಿಂತಿದ್ದರು.

“ನಾನು ಮನೆಯಲ್ಲೇ ಮಲಗಿದ್ದೆ ಮಗಳೇ. ಪೆಟ್ಟಿಗೆ ಕೋಣೆಯ ಮೇಜಿನ ಮೇಲೆಯೇ ಇತ್ತು, ಎಲ್ಲಿಗೂ ಹೋಗ್ಲಿಲ್ಲ” ಎಂದರು. ಒಂದು ಅಕ್ಷರವೂ ತಡವರಿಸಲಿಲ್ಲ. “ನಾನು ನಿನಗೆ ಯಾವತ್ತಾದ್ರೂ ಸುಳ್ಳು ಹೇಳಿದ್ದುಂಟಾ?”

ಫೋನು ಕಟ್ಟಾಯಿತು. ಕೆಳಗೆ ಜೀಪು ನಿಂತ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು.

ಅಶ್ವಿತ್ ಮೌಸಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ. “ಅಕ್ಕಾ, ಈಗ ಒತ್ತಿದ್ರೆ ಇದು ಅಳಿಸಿ ಹೋಗ್ತದೆ. ನೀವು ಹೇಳಿದ ಹಾಗೆ ಮಾಡ್ತೇನೆ. ಬೇಗ ಹೇಳಿ.”

ಬಾಗಿಲು ತಟ್ಟಿದರು.

“ಮೇಡಂ, ಒಳಗಿದ್ದೀರಾ?” ಎಸ್‌ಐ ಕಾಂತಿಯ ಸ್ವರದಲ್ಲಿ ಖುಷಿ ತುಂಬಿತ್ತು. “ಬಾಗಿಲು ತೆಗೀರಿ. ನಿಮ್ಮಿಂದಾಗಿ ಒಬ್ಬ ನಿರಪರಾಧಿ ಉಳಿದ.”